ಖ್ಯಾತಿಗೆ ಮುಂಚಿನ ಹಾಡು

ಗಾಯಕನೊಬ್ಬನಾಗಲಿ ವಾದ್ಯತಂಡವೊಂದಾಗಲಿ ಲೋಕಪ್ರಸಿದ್ಧಿಯನ್ನು ಪಡೆದ ಮೇಲೆ, ಆ ಪ್ರಸಿದ್ಧಿಗೆ ಮುಂಚೆ ಅವರು ಮಾಡಿದ ಧ್ವನಿಮುದ್ರಣಗಳನ್ನು ಕುರಿತು ರಸಿಕರೆನಿಸಿಕೊಂಡವರು ಆಡುವ ಮಾತು ಬಹುಮಟ್ಟಿಗೆ ಒಂದೇ ಬಗೆಯದು. ಅವು ಅಪಕ್ವ ದಶೆಯ ಅಭ್ಯಾಸಗಳು. ಅವುಗಳಿಗೆ ಸ್ವತಂತ್ರವಾದ ಮೌಲ್ಯವಿಲ್ಲ. ಮುಂದೆ ಪ್ರಕಟವಾಗಲಿದ್ದ ಮಹತ್ತ್ವದ ಬೀಜ ಅಲ್ಲೆಲ್ಲಾದರೂ ಅಡಗಿದೆಯೋ ಎಂದು ಪರೀಕ್ಷಿಸುವುದಕ್ಕಷ್ಟೇ ಅವುಗಳನ್ನು ಕೇಳಬೇಕು. ಬೀಜ ಕಂಡರೆ ಸಂತೋಷ, ಕಾಣದಿದ್ದರೆ ಬಾಲಲೀಲೆಯೆಂದು ಬದಿಗಿಡತಕ್ಕದ್ದು. ಹುಬ್ಬಳ್ಳಿ ಧಾರವಾಡಗಳ ಸಂಗೀತದಲ್ಲಿ ನುರಿತ ಹಿರಿಯ ಶ್ರೋತೃಗಳು ಗಂಗೂಬಾಯಿ ಹಾನಗಲ್ಲರ ಮೊದಲ ರಿಕಾರ್ಡುಗಳ ವಿಷಯದಲ್ಲಿ ಹೇಳುವುದು ಇದನ್ನೇ. ದಾವಣಗೆರೆಯ ಕಾಲೇಜುಗಳಲ್ಲಿ ಗಿಟಾರು ಹಿಡಿದ ತರುಣರು ಬೀಟಲ್ಸ್ ತಂಡದ ಡೆಮೊ ಟೇಪಿನ ವಿಷಯದಲ್ಲಿ ಹೇಳುವುದೂ ಇದನ್ನೇ. ವಯಸ್ಸಿನಲ್ಲಿ, ಅಭಿರುಚಿಯಲ್ಲಿ, ಸಂಸ್ಕಾರದಲ್ಲಿ ಇಷ್ಟು ದೂರವಿರುವ ಎರಡು ಮಂಡಲಿಗಳು ಒಂದೇ ಅಭಿಪ್ರಾಯದಲ್ಲಿ ಬಂದು ಕೂಡುವುದನ್ನು ಕಂಡಾಗ ಅದು ಸತ್ಯವೇ ಆಗಿರಬೇಕೆಂದು ಯಾರಿಗಾದರೂ ತೋರಬಹುದು. ನನಗೆ ಅದು ಅಸತ್ಯವೆಂದು ತೋರುತ್ತದೆ. ನಮ್ಮ ಸೀಮೆಯ ಸಂಗೀತಕ್ಕೆ ಪ್ರತ್ಯಕ್ಷವಾದ ಹಾನಿಯನ್ನು ಮಾಡಿರುವ, ಈಗಲೂ ಮಾಡುತ್ತಲೇ ಇರುವ ಅಸತ್ಯವೆಂದು ತೋರುತ್ತದೆ.

ಹಾಡಿದವನು ಹಾಡಿದ ಗಳಿಗೆಯಲ್ಲಿ ಅವನ ಬಳಿ ಇದ್ದುದು ಅವನ ಕಂಠ, ಅವನ ವಿದ್ಯೆ, ಎದುರಿಗಿದ್ದ ಜನ, ಆ ದಿನದ ಅಗತ್ಯ. ಕೀರ್ತಿಯೆಂಬುದು ಅಲ್ಲಿರಲಿಲ್ಲ. ಅದು ಹತ್ತೋ ಇಪ್ಪತ್ತೋ ವರ್ಷಗಳ ಮೇಲೆ, ಅನೇಕ ವೇಳೆ ಆ ಹಾಡಿಗೆ ಸಂಬಂಧವೇ ಇಲ್ಲದ ಕಾರಣಗಳಿಂದ ಬಂದುದು. ಹೀಗೆ ಅನಂತರ ಬಂದುದನ್ನು ಹಿಂದಕ್ಕೆ ಒಯ್ದು, ಅದರ ಬೆಳಕಿನಲ್ಲಿಯೇ ಮೊದಲಿನದನ್ನು ಅಳೆಯುವುದು ಕಾರ್ಯವನ್ನು ಕಾರಣದ ಸ್ಥಾನದಲ್ಲಿ ಕೂರಿಸುವಂಥ ವಿಪರ್ಯಾಸ. ನಾನಿರುವ ಮಾಯಕೊಂಡಕ್ಕೆ ಚರಿತ್ರೆಯ ಗ್ರಂಥಗಳಲ್ಲಿ ದೊರೆತಿರುವ ಸ್ಥಾನ ಹೆಚ್ಚುಕಡಮೆ ಒಂದು ವಾಕ್ಯದ್ದು: 1748ರಲ್ಲಿ ಇಲ್ಲಿ ನಡೆದ ಕಾಳಗದಲ್ಲಿ ಚಿತ್ರದುರ್ಗದ ಹಿರಿಯ ಮದಕರಿನಾಯಕ ಮಡಿದನೆಂಬುದು. ಅದಕ್ಕೆ ಮುಂಚಿನ ಮಾಯಕೊಂಡದ ಮಾತು ಬಂದರೆ ಅದನ್ನು ಆ ಕಾಳಗದ ಪೀಠಿಕೆಯಾಗಿ ಮಾತ್ರ ಹೇಳುವುದು ರೂಢಿ. ಕಾಳಗದ ಹಿಂದಿನ ವರ್ಷ ಈ ನೆಲದಲ್ಲಿ ಕುಂಟೆ ಹೊಡೆಯುತ್ತಿದ್ದವನು ಯಾವ ಕಾಳಗಕ್ಕೂ ಪೀಠಿಕೆ ಹಾಕುತ್ತಿರಲಿಲ್ಲ; ಅವನು ಬೆಳೆ ಬೆಳೆಯುತ್ತಿದ್ದ. ಪ್ರಸಿದ್ಧಿಗೆ ಮುಂಚಿನ ರಿಕಾರ್ಡಿಗೂ ನಾವು ಮಾಡುತ್ತಿರುವ ಅನ್ಯಾಯ ಇದೇ ಜಾತಿಯದು.

ಲೋಕಕ್ಕೆಲ್ಲ ಗೊತ್ತಿರುವ ಉದಾಹರಣೆಯಿಂದಲೇ ಹೊರಡೋಣ. 1962ರ ಜನವರಿ 1ರಂದು, ಲಿವರ್‌ಪೂಲ್ ನಗರದ ಬೀಟಲ್ಸ್ ತಂಡದ ನಾಲ್ವರು ಯುವಕರು ಹಿಂದಿನ ದಿನವೆಲ್ಲ ಹಿಮದಲ್ಲಿ ವ್ಯಾನಿನೊಳಗೆ ಪ್ರಯಾಣಮಾಡಿ ಬಂದು, ಲಂಡನ್ನಿನ ಡೆಕ್ಕಾ ಕಂಪನಿಯ ಸ್ಟುಡಿಯೋದಲ್ಲಿ ಪರೀಕ್ಷಾರ್ಥವಾಗಿ 15 ಹಾಡುಗಳನ್ನು ಹಾಡಿದರು. ಡ್ರಮ್ ಬಾರಿಸಿದವನು ಪೀಟ್ ಬೆಸ್ಟ್. ರಿಂಗೊ ಸ್ಟಾರ್ ತಂಡಕ್ಕೆ ಬಂದದ್ದು ಆ ವರ್ಷದ ಆಗಸ್ಟ್ ತಿಂಗಳಲ್ಲಿ. 15ರಲ್ಲಿ ಲೆನನ್ ಮತ್ತು ಮೆಕಾರ್ಟ್ನಿಯವರ ಸ್ವಂತ ರಚನೆಗಳು 3 ಮಾತ್ರ. ಕಂಪನಿ ಇವರನ್ನು ನಿರಾಕರಿಸಿ, ಬ್ರಯನ್ ಪೂಲ್ ಎಂಬವನ ಟ್ರೆಮಲೋಸ್ ತಂಡವನ್ನು ಆರಿಸಿಕೊಂಡಿತು. ಈ ಟೇಪನ್ನು ಕುರಿತು ಅಂದಿನಿಂದ ಇಂದಿನವರೆಗೆ ಜನ ಕೇಳುತ್ತಿರುವುದು ಎರಡೇ ಪ್ರಶ್ನೆ: ಇದನ್ನು ಬೇಡವೆಂದವರು ಎಂಥ ಮೂರ್ಖರಿದ್ದಿರಬೇಕು ಎಂಬುದೊಂದು, ಮುಂದಿನ ಪ್ರತಿಭೆ ಇಲ್ಲಿ ಎಷ್ಟರಮಟ್ಟಿಗೆ ಕಾಣುತ್ತದೆ ಎಂಬುದಿನ್ನೊಂದು. ಎರಡು ಪ್ರಶ್ನೆಗಳಲ್ಲಿ ಯಾವುದೂ ಟೇಪಿನ ವಿಷಯವಾದುದಲ್ಲ. ಎರಡೂ 1963ರ ಮೇಲಿನ ಕೀರ್ತಿಯ ವಿಷಯವಾದುವು.

ಟೇಪಿನಲ್ಲಿ ನಿಜವಾಗಿ ಏನಿದೆಯೆಂದು ಕಿವಿಗೊಟ್ಟು ಕೇಳಿದವನಿಗೆ ಬೇರೊಂದು ಲೋಕ ಕಾಣಿಸುತ್ತದೆ. ಅಮೆರಿಕದ ರಂಗನಾಟಕದ ಒಂದು ಪ್ರೇಮಗೀತೆ, ಸ್ಪ್ಯಾನಿಷ್ ಮೂಲದ ಒಂದು ಹಾಡು, ಕಪ್ಪುಜನರ ತಂಡವೊಂದು ಹಾಡಿ ಜನಪ್ರಿಯಗೊಳಿಸಿದ ವಿನೋದದ ಹಾಡುಗಳು, ಅಜ್ಜಂದಿರ ಕಾಲದ ಅರಬ್ ಶೇಖನ ಹಾಡು, ಇವುಗಳ ನಡುವೆ ತಮ್ಮದೇ ಮೂರು. ಹ್ಯಾಂಬರ್ಗಿನ ಕ್ಲಬ್ಬುಗಳಲ್ಲಿ ರಾತ್ರಿಗೆ ಹಲವು ತಾಸು ಸತತವಾಗಿ ಬಾರಿಸಿ, ನಾವಿಕನನ್ನೂ ಕೂಲಿಯವನನ್ನೂ ಪ್ರಣಯಿಗಳನ್ನೂ ಒಂದೇ ಸಭೆಯಲ್ಲಿ ತೃಪ್ತಿಪಡಿಸಬೇಕಾಗಿದ್ದ ದುಡಿಮೆಯ ತಂಡವೊಂದರ ಸರಕು ಇದು. ಕಂಠದಲ್ಲಿ ಅಳುಕಿದೆ, ಲಯ ಅಲ್ಲಲ್ಲಿ ಬಿಗಿ ತಪ್ಪುತ್ತದೆ. ಡೆಕ್ಕಾ ಕಂಪನಿಯವರು ತಮ್ಮ ಮುಂದಿದ್ದ ಈ ಹಾಡುಗಳನ್ನು ಮಾತ್ರ ಕೇಳಿ ಒಂದು ತೀರ್ಮಾನಕ್ಕೆ ಬಂದರು. ಆ ತೀರ್ಮಾನ ಅವಿವೇಕದ್ದಾಗಿರಲಿಲ್ಲವೆಂದು ನನ್ನ ಅಭಿಪ್ರಾಯ. ಆದರೆ ಆ ಹಾಡುಗಳು ತಮ್ಮಷ್ಟಕ್ಕೆ ಪೂರ್ಣವಾದ ಒಂದು ಬದುಕಿನ ಸಾಕ್ಷ್ಯವೆಂಬುದೂ ಅಷ್ಟೇ ನಿಜ. ಪೀಟ್ ಬೆಸ್ಟ್ ಎಂಬ ವಾದಕ ಆ ತಂಡದ ಅಂಗವಾಗಿ ಹೇಗೆ ನುಡಿಸುತ್ತಿದ್ದನೆಂಬುದನ್ನು ತಿಳಿಸುವ ದಾಖಲೆಗಳು ಬಹಳ ಸ್ವಲ್ಪ. ಅವುಗಳಲ್ಲಿ ಇದು ದೊಡ್ಡದು. ಬೀಜವನ್ನು ಹುಡುಕುವವನ ಕಿವಿಗೆ ಅವನು ಬೀಳುವುದೇ ಇಲ್ಲ, ಏಕೆಂದರೆ ಮುಂದಿನ ವೃಕ್ಷದಲ್ಲಿ ಅವನಿಗೆ ಕೊಂಬೆಯಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಹೇಳಲೇಬೇಕು. ತಿರಸ್ಕೃತವಾದ ಆ ಟೇಪನ್ನು ತಂಡದ ವ್ಯವಸ್ಥಾಪಕ ಬ್ರಯನ್ ಎಪ್‌ಸ್ಟೈನ್ ಲಂಡನ್ನಿನ ಆಕ್ಸ್‌ಫರ್ಡ್ ಬೀದಿಯ ಎಚ್.ಎಂ.ವಿ. ಅಂಗಡಿಯಲ್ಲಿ ತಟ್ಟೆಗಳಾಗಿ ಮಾಡಿಸಿದ. ಆ ತಟ್ಟೆಗಳ ಮೂಲಕವೇ, ಮುಂದೆ ತಂಡದ ಧ್ವನಿಮುದ್ರಣಗಳ ನಿರ್ಮಾಪಕನಾದ ಜಾರ್ಜ್ ಮಾರ್ಟಿನ್ನನ ಪರಿಚಯವಾಯಿತು. ಕೊಳವೆಯೆದುರು ಕುಳಿತ ನಾಯಿಯ ಆ ಎಚ್.ಎಂ.ವಿ. ಮುದ್ರೆ, ಅದಕ್ಕೆ ಮೂವತ್ತು ವರ್ಷಗಳ ಹಿಂದೆಯೇ, ನಮ್ಮ ಹುಬ್ಬಳ್ಳಿಯ ತರುಣಿಯೊಬ್ಬಳ ಧ್ವನಿಯ ಮೇಲೆ ಬಿದ್ದಿತ್ತು.

1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿಯವರು 1930ರ ದಶಕದ ಪೂರ್ವಾರ್ಧದಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದಾಗ, ಮುಂಬಯಿಗೆ ಹೋಗಿ ಎಚ್.ಎಂ.ವಿ. ಕಂಪನಿಗಾಗಿ ಹಾಡಿದರು. ಆ ರಿಕಾರ್ಡುಗಳ ಮೇಲೆ ಅಚ್ಚಾದ ಹೆಸರು ಗಂಗೂಬಾಯಿಯೆಂದಲ್ಲ, ಗಾಂಧಾರಿಯೆಂದು. ಕಂಪನಿಯವರ ಎಣಿಕೆಯಲ್ಲಿ ಮೊದಲಿನ ಹೆಸರು ಮಾರಾಟಕ್ಕೆ ತಕ್ಕುದಾಗಿರಲಿಲ್ಲ. ಆ ತಟ್ಟೆಗಳಲ್ಲಿ ಕೇಳಿಬರುವ ಕಂಠ ಸಣ್ಣದು, ಎತ್ತರದ ಶ್ರುತಿಯದು, ಚುರುಕಾದದ್ದು. ಹಾಡುಗಳಲ್ಲಿ ರಾಗದ ಚೀಜುಗಳೊಂದಿಗೆ ಮರಾಠಿ ಭಾವಗೀತೆಗಳೂ ಇವೆ. ಮುಂದೆ ಗಂಟಲಿನ ಚಿಕಿತ್ಸೆಯೊಂದರ ಬಳಿಕ ಆ ಕಂಠ ಗಡುಸಾಗಿ, ತಗ್ಗಿನ ಶ್ರುತಿಗೆ ಇಳಿದು, ನಾವೆಲ್ಲ ಬಲ್ಲ ಆ ಗಂಭೀರ ನಾದವಾಯಿತು. 1971ರ ಪದ್ಮಭೂಷಣವೂ 2002ರ ಪದ್ಮವಿಭೂಷಣವೂ ಬಂದದ್ದು ಈ ಎರಡನೆಯ ಕಂಠಕ್ಕೆ. ಆದುದರಿಂದ ಮೊದಲನೆಯದು ಗಂಗೂಬಾಯಿಯವರ ನಿಜವಾದ ಧ್ವನಿಯಲ್ಲವೆಂದೂ, ಅದು ಇನ್ನೂ ತನ್ನನ್ನು ಕಂಡುಕೊಳ್ಳದ ಧ್ವನಿಯೆಂದೂ ನಮ್ಮ ಸಂಗೀತವಿಮರ್ಶಕರು ಸಲೀಸಾಗಿ ಬರೆದುಬಿಡುತ್ತಾರೆ.

ಯಾವ ಆಧಾರದ ಮೇಲೆ ಹೀಗೆ ಹೇಳುವುದು? ಗಂಟಲಿನ ವ್ಯಾಧಿ ಬಾರದೆ ಹೋಗಿದ್ದರೆ ಅದೇ ಸಣ್ಣ ಕಂಠದಿಂದಲೇ ಆ ತಾಯಿ ಎಂಬತ್ತು ವರ್ಷದವರೆಗೆ ಹಾಡಿರುತ್ತಿದ್ದರಲ್ಲವೆ? ಆಗ ಅದನ್ನೇ ನಿಜವಾದ ಧ್ವನಿಯೆಂದು ಕೊಂಡಾಡುವವರೂ ಇವರೇ ಆಗಿರುತ್ತಿದ್ದರು. ದೇಹಕ್ಕೆ ಒದಗಿದ ಒಂದು ಆಕಸ್ಮಿಕವನ್ನು ಕಲೆಯ ಪರಿಣತಿಯೆಂದು ವರ್ಣಿಸಿ, ಆ ಆಕಸ್ಮಿಕಕ್ಕೆ ಮುಂಚಿನದೆಲ್ಲವನ್ನೂ ಅಪಕ್ವವೆಂದು ತಳ್ಳುವುದು ವಿಮರ್ಶೆಯಲ್ಲ. ಪರಿಣತಿ ಬಂದುದು ಬೇರೆ ದಾರಿಯಿಂದ. 1930ರ ದಶಕದ ಉತ್ತರಾರ್ಧದಲ್ಲಿ ಸವಾಯಿ ಗಂಧರ್ವರು ಕುಂದಗೋಳದಲ್ಲಿ ನೆಲೆಸಿದ ಮೇಲೆ, ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ, ಒಂದೊಂದು ಸ್ವರಸಂದರ್ಭವನ್ನು ಗುರು ಸಾಕೆನ್ನುವವರೆಗೆ ಮತ್ತೆ ಮತ್ತೆ ಹೇಳಿ, ರಾತ್ರಿ ಹಿಂದಿರುಗುತ್ತಿದ್ದ ಆ ಶಿಕ್ಷಣದಿಂದ ಬಂದುದು ಅದು. (ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೋಗುವ ಆ ಹಳಿಯೇ ಹಾವೇರಿ, ಹರಿಹರ, ದಾವಣಗೆರೆಗಳನ್ನು ದಾಟಿ ನಮ್ಮ ಮಾಯಕೊಂಡದ ನಿಲ್ದಾಣವನ್ನು ಹಾಯ್ದು ಬೆಂಗಳೂರಿಗೆ ಹೋಗುತ್ತದೆ. ಈ ಹಳಿಯ ಮೇಲೆ ನಾಟಕದ ಕಂಪನಿಗಳ ಪೆಟ್ಟಿಗೆಗಳೂ ರಿಕಾರ್ಡಿನ ಕಟ್ಟುಗಳೂ ಎಷ್ಟು ಸಂಚರಿಸಿದುವೆಂಬುದನ್ನು ಯಾರೂ ಬರೆದಿಟ್ಟಿಲ್ಲ.) ಆ ಶಿಕ್ಷಣಕ್ಕೂ ಮೊದಲಿನ ಗಾಂಧಾರಿಗೆ ಬೇರೆ ಶಿಕ್ಷಣವಿತ್ತು: ಕರ್ನಾಟಕ ಪದ್ಧತಿಯ ಗಾಯಕಿಯಾಗಿದ್ದ ತಾಯಿ ಅಂಬಾಬಾಯಿಯವರ ಮನೆಯ ನಾದ, ಹುಲಗೂರ ಕೃಷ್ಣಾಚಾರ್ಯರ ಪಾಠ. ಆ ರಿಕಾರ್ಡುಗಳಲ್ಲಿ ಕೇಳುವುದು ಆ ಶಿಕ್ಷಣದ ಫಲ. ಕುಲಕಸುಬಾಗಿ ಹಾಡುತ್ತಿದ್ದ ಹೆಂಗಸರ ಮನೆತನವೊಂದರಿಂದ ಬಂದ ಹುಡುಗಿ ಮುಂಬಯಿಯ ಮಾರುಕಟ್ಟೆಯ ಮುಂದೆ, ಇನ್ನೊಬ್ಬರು ಕೊಟ್ಟ ಹೆಸರನ್ನು ಹೊತ್ತು, ಮೂರೂವರೆ ನಿಮಿಷದೊಳಗೆ ತನ್ನ ವಿದ್ಯೆಯನ್ನೆಲ್ಲ ಹೇಳಿಬಿಡಬೇಕಾದ ಸಂದರ್ಭದಲ್ಲಿ ಎಷ್ಟು ನಿರ್ಭೀತಿಯಿಂದ ತಾನ್ ಹೊಡೆಯುತ್ತಾಳೆಂಬುದನ್ನು ಕೇಳಿದವರಿಗೆ, ಅದನ್ನು ಪೀಠಿಕೆಯೆಂದು ಕರೆಯಲು ಬಾಯಿ ಬರಲಾರದು.

ಗಂಗೂಬಾಯಿಯವರ ವಿಷಯದಲ್ಲಿ ಒಂದೇ ಘರಾನೆಯ ದಾರಿಯಾದರೂ ಮುಂದುವರಿಯಿತೆಂದು ವಾದಿಸಬಹುದು. ಮಲ್ಲಿಕಾರ್ಜುನ ಮನ್ಸೂರರ ವಿಷಯದಲ್ಲಿ ಬೀಜವೃಕ್ಷದ ವಾದ ಸಂಪೂರ್ಣವಾಗಿ ಕುಸಿದುಬೀಳುತ್ತದೆ. 1910ರ ಡಿಸೆಂಬರ್ 31ರಂದು ಧಾರವಾಡದ ಸಮೀಪದ ಮನ್ಸೂರಿನಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿ ನಾಟಕದ ಕಂಪನಿಯ ಹುಡುಗ. ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತವನ್ನು ಕಲಿತು, ಅನಂತರ ಮಿರಜದ ನೀಲಕಂಠಬುವಾ ಆಲೂರಮಠರಲ್ಲಿ ಗ್ವಾಲಿಯರ್ ಘರಾನೆಯ ಶಿಕ್ಷಣವನ್ನು ಪಡೆದವರು. ಎಚ್.ಎಂ.ವಿ. ಕಂಪನಿ ಅವರನ್ನು ಗೌಡಮಲ್ಹಾರ ಅಡಾಣಾ ರಾಗಗಳ ತಟ್ಟೆಯ ಮೂಲಕ ಲೋಕಕ್ಕೆ ಪರಿಚಯಿಸಿದ್ದು 1930ರ ದಶಕದ ಆರಂಭದಲ್ಲಿ. ಜೈಪುರ ಅತ್ರೌಲಿ ಘರಾನೆಯ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರಲ್ಲಿ ಅವರು ಶಿಷ್ಯರಾಗಿ ಸೇರಿದ್ದು 1935ರ ಸುಮಾರಿಗೆ. 1937ರಲ್ಲಿ ಮಂಜಿ ಖಾನರು ತೀರಿಕೊಂಡ ಮೇಲೆ ಅವರ ತಮ್ಮ ಭೂರ್ಜಿ ಖಾನರಲ್ಲಿ ಅಭ್ಯಾಸ ಮುಂದುವರಿಯಿತು. ನಾವು ಇಂದು ಮನ್ಸೂರರೆಂದು ನೆನೆಯುವುದು ಯಾರನ್ನು? ಜೈಪುರ ಅತ್ರೌಲಿ ಘರಾನೆಯ ಅಪೂರ್ವ ರಾಗಗಳ, ಜೋಡುರಾಗಗಳ ಒಡೆಯನನ್ನು. ಹೇಮನಟ, ಶಿವಮತ ಭೈರವ, ಆಸಾ ಜೋಗಿಯಾಗಳನ್ನು ಉಸಿರು ಕಡಿಯದೆ ನೇಯ್ದುಕೊಂಡು ಹೋದ ವೃದ್ಧನನ್ನು. 1970ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು 59. ಸಾವಿನ ವರ್ಷವಾದ 1992ರಲ್ಲಿ ಪದ್ಮವಿಭೂಷಣ. ಕೀರ್ತಿ ಬಂದುದು ಅಷ್ಟು ತಡವಾಗಿ.

ಹಾಗಾದರೆ ಇಪ್ಪತ್ತಮೂರರ ಆಸುಪಾಸಿನ ಆ ಗ್ವಾಲಿಯರ್ ಗಾಯಕ ಯಾರು? ಆ ರಿಕಾರ್ಡಿನಲ್ಲಿ ಜೈಪುರದ ಬೀಜವನ್ನು ಹುಡುಕುವವನು ಏನನ್ನೂ ಕಾಣಲಾರ, ಅಲ್ಲಿ ಅದನ್ನು ಬಿತ್ತಿದವರೇ ಇರಲಿಲ್ಲ. ಅಲ್ಲಿರುವುದು ಗ್ವಾಲಿಯರಿನ ನೇರವಾದ, ಬಿಚ್ಚುಮನಸ್ಸಿನ, ಬಂದಿಶಿನ ಚೌಕಟ್ಟನ್ನು ಸ್ಪಷ್ಟವಾಗಿ ಎತ್ತಿ ತೋರಿಸುವ ಶೈಲಿ. ಅದರಲ್ಲಿ ಪೂರ್ಣಶಿಕ್ಷಿತನಾದ ಯುವಕನೊಬ್ಬನ ವೇಗದ ತಾನುಗಳು. ಅವರು ಅಲ್ಲಿಗೇ ನಿಂತುಬಿಟ್ಟಿದ್ದರೂ, ಮಂಜಿ ಖಾನರ ಭೇಟಿಯೇ ಆಗದೆ ಹೋಗಿದ್ದರೂ, ಆ ತಟ್ಟೆ ಒಳ್ಳೆಯ ಸಂಗೀತದ ಒಳ್ಳೆಯ ತಟ್ಟೆಯಾಗಿಯೇ ಉಳಿಯುತ್ತಿತ್ತು. ಅದನ್ನು ಹಾಗೆ ಕೇಳಿದ ಜನ ಅಂದು ಇದ್ದರು: ಮುಂದಿನದು ತಿಳಿಯದೆ, ತಿಳಿಯುವ ಅಗತ್ಯವೂ ಇಲ್ಲದೆ, ಬಿಡುವಿನ ವೇಳೆ ಪೆಟ್ಟಿಗೆಗೆ ಕೀಲಿ ಕೊಟ್ಟು ಗೌಡಮಲ್ಹಾರವನ್ನು ಕೇಳಿ ತಲೆದೂಗಿದವರು. ರಸಾನುಭವದಲ್ಲಿ ಅವರು ನಮ್ಮ ಇಂದಿನ ಪಂಡಿತರಿಗಿಂತ ಮುಂದೆ ಇದ್ದರೆಂದು ನಾನು ಭಾವಿಸುತ್ತೇನೆ. ಅವರು ಕೇಳಿದ್ದು ಹಾಡನ್ನು. ನಾವು ಕೇಳುತ್ತಿರುವುದು ಜೀವನಚರಿತ್ರೆಯನ್ನು.

ಮೂರು ನಿಮಿಷದ ತಟ್ಟೆಯಲ್ಲಿ ರಾಗವೆಲ್ಲಿ ಬಂದೀತೆಂಬುದು ಹಿರಿಯ ಶ್ರೋತೃಗಳ ಇನ್ನೊಂದು ಆಕ್ಷೇಪ. ತಾಸುಗಟ್ಟಲೆ ಹರಡುವ ಖ್ಯಾಲಿನ ಮುಂದೆ ಅದು ಮಾದರಿಯ ತುಣುಕು ಮಾತ್ರವೆಂದು ಅವರ ಅಭಿಪ್ರಾಯ. ಅಂದಿನ ಮುದ್ರಣ ನಡೆಯುತ್ತಿದ್ದ ಬಗೆಯನ್ನು ನೆನೆದರೆ ಈ ಆಕ್ಷೇಪ ನಿಲ್ಲಲಾರದು. 1925ರಿಂದೀಚೆಗೆ ವಿದ್ಯುತ್ತಿನ ಮೈಕು ಬಂದಿತ್ತು, ಅಷ್ಟೇ. ಸ್ವರ ಕೊರೆಯುತ್ತಿದ್ದುದು ಇನ್ನೂ ಮೇಣದ ಬಿಲ್ಲೆಯ ಮೇಲೆಯೇ. ಅಳಿಸಿ ತಿದ್ದುವುದಕ್ಕಾಗಲಿ, ಒಂದು ಯತ್ನದ ಪೂರ್ವಾರ್ಧವನ್ನು ಇನ್ನೊಂದರ ಉತ್ತರಾರ್ಧಕ್ಕೆ ಬೆಸೆಯುವುದಕ್ಕಾಗಲಿ ಎಡೆಯಿರಲಿಲ್ಲ; ತಪ್ಪಿದರೆ ಹೊಸ ಮೇಣದ ಮೇಲೆ ಮೊದಲಿನಿಂದ ಹಾಡಬೇಕು. ಹತ್ತಂಗುಲದ ತಟ್ಟೆಯ ಒಂದು ಮಗ್ಗುಲು ಮೂರು ನಿಮಿಷದ ಮೇಲೆ ಸ್ವಲ್ಪವಷ್ಟೇ. ಈ ಕಟ್ಟುಪಾಡಿನೊಳಗೆ ಆಲಾಪದ ನಾಲ್ಕು ಎಳೆ, ಸ್ಥಾಯಿ, ಅಂತರಾ, ತಾನುಗಳ ಮಿಂಚು, ಮುಕ್ತಾಯ ಇವೆಲ್ಲವನ್ನೂ ಪ್ರಮಾಣ ತಪ್ಪದಂತೆ ಜೋಡಿಸುವುದು ಪ್ರತ್ಯೇಕವಾದ ಒಂದು ರಚನಾಕೌಶಲ. ಅಬ್ದುಲ್ ಕರೀಂ ಖಾನರು ತಮ್ಮ ಕೊನೆಯ ವರ್ಷಗಳಲ್ಲಿ ಅದನ್ನು ಎಷ್ಟು ಸಿದ್ಧಿಸಿಕೊಂಡಿದ್ದರೆಂಬುದು ಪ್ರಸಿದ್ಧ. ಅವರದೇ ಒಂದು ತಟ್ಟೆಯನ್ನು ಕೇಳಿ, ರೋಣದಲ್ಲಿ ಹುಟ್ಟಿದ ಹನ್ನೊಂದು ವರ್ಷದ ಬಾಲಕನೊಬ್ಬ 1933ರಲ್ಲಿ ಗುರುವನ್ನು ಅರಸಿ ಮನೆಬಿಟ್ಟು ಓಡಿಹೋದ. ಅವನು ಭೀಮಸೇನ ಜೋಶಿ. ಅವನ ಮೊದಲ ತಟ್ಟೆ 1942ರಲ್ಲಿ ಅದೇ ಎಚ್.ಎಂ.ವಿ. ಕಂಪನಿಯಿಂದ ಬಂದಾಗ ಅದರಲ್ಲಿದ್ದುದು ಕನ್ನಡದ ಮತ್ತು ಹಿಂದಿಯ ಭಕ್ತಿಗೀತೆಗಳು.

ಇದುವರೆಗೆ ಹೇಳಿದ್ದು ಮೊದಲಿನದನ್ನು ಕಡೆಗಣಿಸುವವರ ವಿಷಯ. ಅದನ್ನು ಪೂಜಿಸುವವರ ಪಂಥವೊಂದು ಇದೆ. ರಾಕ್ ಸಂಗೀತದ ಅಭಿಮಾನಿಗಳಲ್ಲಿ ಅದಕ್ಕೆ ಬಲ ಹೆಚ್ಚು. ಕೀರ್ತಿಯೂ ಹಣವೂ ಕಂಪನಿಯ ಕೈವಾಡವೂ ಬಂದು ಕೆಡಿಸುವ ಮುಂಚೆ ತಂಡದ ಅಂತರಂಗ ನಿರ್ಮಲವಾಗಿ ಪ್ರಕಟವಾಗುವುದು ಡೆಮೊದಲ್ಲಿ ಮಾತ್ರವೆಂದೂ, ಅದರ ಒರಟುತನವೇ ಅದರ ಸತ್ಯವೆಂದೂ ಇವರು ನಂಬುತ್ತಾರೆ. ಮೇಲುನೋಟಕ್ಕೆ ಇದು ನನ್ನ ಪಕ್ಷದಂತೆ ಕಾಣಬಹುದು. ವಾಸ್ತವವಾಗಿ ಇದು ನಾನು ಖಂಡಿಸುತ್ತಿರುವ ಅಭಿಪ್ರಾಯದ ಮತ್ತೊಂದು ಮುಖ. ಇವರೂ ಕೀರ್ತಿಯನ್ನು ನಡುವೆ ನಿಲ್ಲಿಸಿಕೊಂಡೇ ಕೇಳುತ್ತಾರೆ. ಮೊದಲಿನವರು ಅದರತ್ತ ಏರುವ ಮೆಟ್ಟಿಲನ್ನು ಹುಡುಕಿದರೆ ಇವರು ಅದರಿಂದ ಆದ ಪತನವನ್ನು ಅಳೆಯುತ್ತಾರೆ.

ನಿರ್ವಾಣ ಎಂಬ ಅಮೆರಿಕದ ತಂಡ 1988ರ ಜನವರಿ 23ರಂದು ಸಿಯಾಟಲ್ ನಗರದಲ್ಲಿ ಜ್ಯಾಕ್ ಎಂಡಿನೊ ಎಂಬ ಧ್ವನಿತಜ್ಞನ ಬಳಿ 10 ಹಾಡುಗಳನ್ನು ಒಂದೇ ಮಧ್ಯಾಹ್ನದಲ್ಲಿ ಮುದ್ರಿಸಿಕೊಂಡಿತು. ಅವರು ತೆತ್ತ ಬೆಲೆ 152 ಡಾಲರು 44 ಸೆಂಟು. ಡ್ರಮ್ ಬಾರಿಸಿದವನು ಬೇರೊಂದು ತಂಡದ ಡೇಲ್ ಕ್ರೋವರ್. ಅಂದೇ ರಾತ್ರಿ ಟಕೋಮಾದಲ್ಲಿ ಕಚೇರಿಯಿದ್ದುದರಿಂದ ಆತುರ. ಕೊನೆಯ ಹಾಡಿನ ನಡುವೆ ಟೇಪು ತೀರಿತು. ಇನ್ನೊಂದು ಸುರುಳಿಗೆ ಹಣ ತೆರುವ ಸ್ಥಿತಿಯಿಲ್ಲದೆ ಅದು ಅಲ್ಲಿಗೇ ನಿಂತಿತು. ಆ ಮುದ್ರಣದ ಒರಟುತನವನ್ನು ಆಧ್ಯಾತ್ಮಿಕ ಶುದ್ಧಿಯಂತೆ ವರ್ಣಿಸಿದ ಬರಹಗಳನ್ನು ಓದಿದಾಗ ನನಗೆ ದುಃಖವಾಗುತ್ತದೆ. ಹಣವಿದ್ದಿದ್ದರೆ ಆ ಯುವಕರು ಇನ್ನೊಂದು ಸುರುಳಿಯನ್ನು ಕೊಳ್ಳುತ್ತಿದ್ದರು, ಹಾಡನ್ನು ಮುಗಿಸುತ್ತಿದ್ದರು. ಬಡತನವನ್ನು ನಿರ್ಮಲತೆಯೆಂದು ಹೊಗಳುವುದು ಆ ಬಡತನವನ್ನು ಅನುಭವಿಸದವರಿಗೆ ಮಾತ್ರ ಸಾಧ್ಯವಾದ ಕೆಲಸ. ಮೊದಲ ರಿಕಾರ್ಡಿನಲ್ಲಿ ಕಲಾವಿದ ಸ್ವತಂತ್ರನಾಗಿದ್ದನೆಂಬುದು ಇನ್ನೂ ದೊಡ್ಡ ಭ್ರಮೆ. ತನ್ನ ಹೆಸರನ್ನೇ ಉಳಿಸಿಕೊಳ್ಳಲಾಗದೆ ಗಾಂಧಾರಿಯಾದವಳಿಗೆ ಯಾವ ಸ್ವಾತಂತ್ರ್ಯವಿತ್ತು? ತನಗೆ ಬೇಕಾದ ರಾಗವನ್ನು ಬೇಕಾದಷ್ಟು ಹೊತ್ತು ತನ್ನ ಹೆಸರಿನಲ್ಲಿ ಹಾಡುವ ಅಧಿಕಾರ ಅವರಿಗೆ ಬಂದುದು ಕೀರ್ತಿ ಬಂದ ಮೇಲೆ.

ಡೆಮೊವಿನ ಮೇಲೆ ಕಂಪನಿಗಳು ತೋರುವ ಭಕ್ತಿಯ ಹಿಂದೆ ಇರುವುದು ಬಹುಪಾಲು ಲೆಕ್ಕಾಚಾರ. ಯುರೋಪಿನಲ್ಲಿ 2011ರಲ್ಲಿ ಬಂದ ನಿಯಮದಂತೆ, ಮುದ್ರಣವಾದ 50 ವರ್ಷದೊಳಗೆ ಪ್ರಕಟಪಡಿಸಿದ ಧ್ವನಿಗೆ 70 ವರ್ಷಗಳ ಹಕ್ಕು ದೊರೆಯುತ್ತದೆ. ಪ್ರಕಟಪಡಿಸದಿದ್ದರೆ ಹಕ್ಕು ಹೋಗುತ್ತದೆ. ಬೀಟಲ್ಸ್ ತಂಡದ 1963ರ ಅಪ್ರಕಟಿತ ಮುದ್ರಣಗಳು 2013ರ ಡಿಸೆಂಬರಿನಲ್ಲಿ ಅವಸರವಾಗಿ ಹೊರಬಿದ್ದದ್ದು ಈ ಕಾರಣಕ್ಕೆ.

ಈ ಎರಡು ಪಂಥಗಳ ನಡುವೆ ನಿಜವಾಗಿ ನಾಶವಾಗುತ್ತಿರುವುದು ಖ್ಯಾತಿ ಬಾರದೆಯೇ ಉಳಿದವರ ಹಾಡು. ಬೀಜದ ಬೆಲೆಯೆಲ್ಲ ಮುಂದಿನ ವೃಕ್ಷದಲ್ಲಿದೆಯೆಂದು ಒಪ್ಪಿದ ಮೇಲೆ, ವೃಕ್ಷವಾಗದ ಬೀಜವನ್ನು ಕಾಪಾಡಲು ಯಾರಿಗೂ ಕಾರಣವಿರುವುದಿಲ್ಲ. ಮೈಸೂರಿನ ಅಂತರಾಗ್ನಿ ಎಂಬ ತಂಡ ಇಂದು ಗಾಯಕ ರಘು ದೀಕ್ಷಿತರ ಜೀವನವೃತ್ತಾಂತದಲ್ಲಿ ಒಂದು ವಾಕ್ಯ; 2008ರಲ್ಲಿ ಹೊಸ ಹೆಸರಿನ ಮೊದಲ ಆಲ್ಬಮ್ ಬಂದು, ಶರೀಫರ ಪದಗಳು ಗಿಟಾರಿನೊಂದಿಗೆ ದೇಶಾಂತರಕ್ಕೆ ಹೋದುದರಿಂದ ಆ ಒಂದು ವಾಕ್ಯವಾದರೂ ಉಳಿಯಿತು. ಹಾಗೆ ಮುಂದೆ ಬಾರದ ತಂಡಗಳಿಗೆ ಅದೂ ಇಲ್ಲ. ಇನ್ನು ನಮ್ಮ ದಾವಣಗೆರೆಯದೇ ಮಾತು. ಚಿಂದೋಡಿ ವೀರಪ್ಪನವರ, ಆಮೇಲೆ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಗೆ ತವರಾದ ಈ ಊರಿನಲ್ಲಿ, ತಿಂಗಳುಗಟ್ಟಲೆ ಕ್ಯಾಂಪು ಹಾಕಿ ಆಡುತ್ತಿದ್ದ ಕಂಪನಿಗಳಲ್ಲಿ, ಕಾಲುಪೆಟ್ಟಿಗೆಯ ಮುಂದೆ ಕುಳಿತವನೂ ರಂಗದ ಮೇಲೆ ನಿಂತವನೂ ರಾಗದ ಜ್ಞಾನವುಳ್ಳವರೇ ಆಗಿದ್ದರು. ಮಲ್ಲಿಕಾರ್ಜುನ ಮನ್ಸೂರರ ಅಣ್ಣ ಬಸವರಾಜ ಮನ್ಸೂರರು ರಂಗಭೂಮಿಯ ಹೆಸರಾಂತ ಗಾಯಕನಟರು. ತಮ್ಮನ ಕಥೆಯಲ್ಲಿ ಒಂದು ಪಾತ್ರವಾಗಿ ಹೊರತು ಅವರ ಹಾಡನ್ನು ಇಂದು ನೆನೆಯುವವರೆಷ್ಟು ಮಂದಿ? ಆಮೇಲಿನ ಕಾಲದಲ್ಲಿ ಗಣೇಶನ ಹಬ್ಬದ ಪೆಂಡಾಲುಗಳಲ್ಲಿ ಹಾಡಿದ ಆರ್ಕೆಸ್ಟ್ರಾಗಳು ತಮ್ಮ ಖರ್ಚಿನಿಂದ ಮಾಡಿಸಿಕೊಂಡ ಕ್ಯಾಸೆಟ್ಟುಗಳು ಬೂಸ್ಟು ಹಿಡಿದು ಗುಜರಿಗೆ ಹೋಗುತ್ತಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೊಟ್ಟವರ ಮಾತು ಪ್ರತಿಸಲವೂ ಒಂದೇ: ಅವರೇನೂ ದೊಡ್ಡವರಾಗಲಿಲ್ಲವಲ್ಲ.

ದೊಡ್ಡವರಾದ ಮೇಲೆ ಕಾಪಾಡೋಣವೆಂಬ ನಿಯಮ ದೊಡ್ಡವರಾದವರ ವಿಷಯದಲ್ಲಿಯೂ ಕೆಲಸಕ್ಕೆ ಬಾರದು. 1958ರಲ್ಲಿ ಲೆನನ್, ಮೆಕಾರ್ಟ್ನಿ, ಹ್ಯಾರಿಸನ್ ಮತ್ತಿಬ್ಬರು ಸೇರಿ, ಲಿವರ್‌ಪೂಲಿನಲ್ಲಿ ಪರ್ಸಿ ಫಿಲಿಪ್ಸ್ ಎಂಬವನು ಮನೆಯಲ್ಲಿ ಇಟ್ಟುಕೊಂಡಿದ್ದ ಸ್ಟುಡಿಯೋದಲ್ಲಿ ಎರಡು ಹಾಡುಗಳ ಒಂದೇ ಒಂದು ತಟ್ಟೆಯನ್ನು ಮಾಡಿಸಿದರು. ಅದು ಒಬ್ಬರಿಂದ ಒಬ್ಬರ ಮನೆಗೆ ಸರದಿಯಲ್ಲಿ ಹೋಗಿ, ಕಡೆಗೆ ತಂಡವನ್ನು ಬಿಟ್ಟುಹೋದ ಪಿಯಾನೊ ವಾದಕ ಜಾನ್ ಲೋ ಎಂಬವನ ಮನೆಯಲ್ಲಿ ಉಳಿಯಿತು. 1981ರಲ್ಲಿ ಮೆಕಾರ್ಟ್ನಿ ಅದನ್ನು ಅವನಿಂದ ಕೊಂಡುಕೊಂಡ. ಲೋಕವೆಲ್ಲ ಬಲ್ಲ ತಂಡದ ಮೊದಲ ಧ್ವನಿ ಉಳಿದುದು ಯಾವ ಪಂಡಿತನ ವಿವೇಕದಿಂದಲೂ ಅಲ್ಲ. ಖ್ಯಾತಿ ಪಡೆಯದ ಒಬ್ಬ ಮನುಷ್ಯ ತನ್ನ ವಸ್ತುವನ್ನು ಬಿಸಾಡದೆ ಇಟ್ಟುಕೊಂಡಿದ್ದುದರಿಂದ.

ಎಲ್ಲವನ್ನೂ ಕೂಡಿಡುವುದಾದರೆ ಕಸವೂ ಸೇರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸೇರುತ್ತದೆ. ಕಾಪಾಡುವುದು ಬೇರೆ, ಹೊಗಳುವುದು ಬೇರೆ. ಕೇಳಿದ ಮೇಲೆ ಕೆಟ್ಟದ್ದನ್ನು ಕೆಟ್ಟದ್ದೆನ್ನಲು ನನಗೆ ಯಾವ ಸಂಕೋಚವೂ ಇಲ್ಲ. ಡೆಕ್ಕಾ ಟೇಪಿನ ಕೆಲವು ಹಾಡುಗಳನ್ನು ನಾನು ಹಾಗೆಯೇ ಎನ್ನುತ್ತೇನೆ. ಕೇಳದೆ, ಹಾಡಿದವರ ಮುಂದಿನ ಭಾಗ್ಯವನ್ನು ನೋಡಿಕೊಂಡು ತೀರ್ಪು ಕೊಡಬಾರದೆಂಬುದಷ್ಟೇ ನನ್ನ ವಾದ. ಕಲಾವಿದನೇ ತನ್ನ ಮೊದಲಿನದನ್ನು ಬೇಡವೆಂದರೆ ಏನು ಮಾಡುವುದೆಂಬ ಪ್ರಶ್ನೆ ಇದಕ್ಕಿಂತ ಗಂಭೀರವಾದದ್ದು. ಪರೀಕ್ಷೆಗಾಗಿ ಮಾಡಿ ಯಾರಿಗೂ ಮಾರದ ಡೆಮೊವನ್ನು ಅವನ ಒಪ್ಪಿಗೆಯಿಲ್ಲದೆ ಬೀದಿಗೆ ತರುವುದು ತಪ್ಪೆಂದು ನಾನೂ ಒಪ್ಪುತ್ತೇನೆ. ಅದನ್ನು ಸುಡದೆ ಇಟ್ಟಿರುವುದು ಬೇರೆ ಮಾತು. ಬೆಲೆಗೆ ಮಾರಿದ ತಟ್ಟೆಯಾದರೋ ಕೊಂಡವನ ನೆನಪಿಗೂ ಸೇರಿದ್ದು; ಅದನ್ನು ಹಿಂತೆಗೆದುಕೊಳ್ಳುವ ಅಧಿಕಾರ ಯಾರಿಗೂ ಇಲ್ಲ.

ಕಾನೂನಿನ ಅಡ್ಡಿಯನ್ನು ಮುಂದೊಡ್ಡುವವರಿಗೂ ಉತ್ತರವಿದೆ. ನಮ್ಮ ದೇಶದ 1957ರ ಕಾಯಿದೆಯಂತೆ ಧ್ವನಿಮುದ್ರಣದ ಮೇಲಿನ ಹಕ್ಕು, ಅದು ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ ಮಾತ್ರ. ಗಾಂಧಾರಿಯ ತಟ್ಟೆಗಳ ಮೇಲೂ, ಮನ್ಸೂರರ ಗೌಡಮಲ್ಹಾರದ ಮೇಲೂ, ಆ ಕಾಲದ ನಾಟಕದ ಹಾಡುಗಳ ರಿಕಾರ್ಡುಗಳ ಮೇಲೂ ಇದ್ದ ಕಂಪನಿಯ ಆ ಹಕ್ಕು ತೀರಿ ಬಹಳ ಕಾಲವಾಯಿತು. ಹರಿಹರ, ದಾವಣಗೆರೆ, ಮಾಯಕೊಂಡ ಸುತ್ತಿನ ಯಾರ ಮನೆಯ ಅಟ್ಟದಲ್ಲಾದರೂ ಅಂಥ ಪೆಟ್ಟಿಗೆಯಿದ್ದರೆ, ಮೊದಲು ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸದೆ ನಿಲ್ಲಿಸಿಡಿ, ಭಾರಕ್ಕೆ ಸೀಳುತ್ತವೆ. ಧೂಳನ್ನು ಮೆತುವಾದ ಕುಂಚದಿಂದ ತೆಗೆಯಿರಿ. ಸ್ಪಿರಿಟ್ಟನ್ನು ಮಾತ್ರ ಸೋಕಿಸಬೇಡಿ, ಅವು ಅರಗಿನವು, ಸ್ವರದ ಗೆರೆಯೇ ಕರಗಿಹೋಗುತ್ತದೆ. ಎಲ್.ಪಿ. ತಟ್ಟೆಯ ಸಣ್ಣ ಸೂಜಿ ಇವುಗಳ ಅಗಲವಾದ ಗೆರೆಗೆ ಕೂರುವುದಿಲ್ಲ. 78 ಸುತ್ತಿನದಕ್ಕೆಂದೇ ಮಾಡಿದ ಸೂಜಿ ಬೇಕು. ನುಡಿಸಿ ಪ್ರತಿ ಮಾಡಿಕೊಂಡ ಮೇಲೆ, ಲೇಬಲ್ಲಿನ ಮೇಲೆ ಅಚ್ಚಾಗಿರುವ ಹೆಸರನ್ನೂ ಸಂಖ್ಯೆಯನ್ನೂ, ಆ ಹೆಸರು ನಿಮಗೆ ಪರಿಚಿತವಾಗಿರಲಿ ಇಲ್ಲದಿರಲಿ, ಇದ್ದುದು ಇದ್ದ ಹಾಗೆಯೇ ಬರೆದಿಡಿ.